ಮೆಂಜಾ ತಿರುಗಿಸಿದ ದೋಣಿ

ರಿಶ್ ಮೂವತ್ತು ವರ್ಷ ನಮ್ಮೂರಿನ ಕೇಬಲ್ ಕಾರ್ ನಡೆಸಿದವನು. ನಿವೃತ್ತನಾದ ಮೇಲೂ ಎಲ್ಲರ ಹತ್ತಿರವೂ "ಒಳಗೆ ಸರೀರಿ, ಬಾಗಿಲು ಬಿಡಿ" ಎನ್ನುವ ದನಿಯಲ್ಲೇ ಮಾತಾಡುತ್ತಿದ್ದ. ಆಲ್ಪ್ಸ್‌ನ ನೆತ್ತಿಯ ಮೇಲಿರುವ ನಮ್ಮ ಸರೋವರದಲ್ಲಿ ನಾನು ಕಯಾಕ್ ದೋಣಿಗಳನ್ನು ಬಾಡಿಗೆಗೆ ಕೊಡುತ್ತೇನೆ. ಒಂದು ಬೆಳಗ್ಗೆ ಅವನ ಹೆಂಡತಿ ಮೆಂಜಾ ಅವನನ್ನು ಅಲ್ಲಿಗೆ ಎಳೆದುಕೊಂಡೇ ಬಂದಳು.

"ಫ್ಲುರಿನ್, ಇಬ್ರು ಕೂರೋ ದೋಣಿ ಕೊಡಪ್ಪ. ಇವತ್ತು ನನ್ನ ಹುಟ್ಟುಹಬ್ಬ, ಇವರು ಬೇಡ ಅನ್ನೋ ಹಾಗಿಲ್ಲ."

"ನಡೆಸೋನು ಮುಂದೆ ಕೂರ್ತಾನೆ," ಎಂದು ರಿಶ್ ಮುಂದೆ ಕೂತ.

ಕಯಾಕ್ ತಿರುಗಿಸುವವರು ಹಿಂದೆ ಕೂರುತ್ತಾರೆ. ಹೇಳಲು ಬಾಯಿ ತೆರೆದೆ. ಮೆಂಜಾ ಕಣ್ಣಲ್ಲೇ ಮುಚ್ಚಿಸಿದಳು.

ಮುಂದಿನದರಲ್ಲಿ ಅರ್ಧ ದುರ್ಬೀನಿನಲ್ಲಿ ಕಂಡೆ, ಇನ್ನರ್ಧ ಅವಳೇ ಹೇಳಿದಳು.

"ಎಡಕ್ಕೆ ಹೋಗ್ಬೇಕು ಕಣೇ! ಇದ್ಯಾಕೆ ಬಲಕ್ಕೇ ಎಳೀತಿದೆ?"

"ಗಾಳಿ ರೀ."

"ಎಲ್ಲಿದೆ ಗಾಳಿ? ನೀರು ಕನ್ನಡಿ ಇದ್ದಂಗಿದೆ!"

"ಕೆಳಗಡೆ ಬೀಸ್ತಿದೆ. ನೀವು ಜೋರಾಗಿ ಹುಟ್ಟು ಹಾಕಿ."

ರಿಶ್ ಬೆವರು ಸುರಿಸಿ ಹುಟ್ಟು ಹಾಕಿದ. ದೋಣಿ ನೆಟ್ಟಗೆ ಹೋದದ್ದು ಎದುರು ದಡದ ಪೈದರನ ಗುಡಿಸಲಿಗೆ. ಬೇಸಿಗೆಯಲ್ಲಿ ಅಲ್ಲಿ ದನ ಮೇಯಿಸಿ ಚೀಸ್ ಮಾಡುವ ಪೈದರ್ ಒಂದು ಕಾಲದಲ್ಲಿ ರಿಶ್‌ನ ಜೀವದ ಗೆಳೆಯ. ಒಮ್ಮೆ ಕಾಲು ಉಳುಕಿದ ಅವನ ಹೋತವನ್ನು ರಿಶ್ ಕೇಬಲ್ ಕಾರಿಗೆ ಹತ್ತಿಸಲಿಲ್ಲ. ಪೈದರ್ ಅದನ್ನು ಹೆಗಲ ಮೇಲೆ ಹೊತ್ತು ಬೆಟ್ಟ ಇಳಿದ. ಆವತ್ತಿನಿಂದ ಇಬ್ಬರಿಗೂ ಮಾತಿರಲಿಲ್ಲ.

ದಡ ಹತ್ತಿರವಾದಾಗ ರಿಶ್‌ಗೆ ಗೊತ್ತಾಯಿತು. "ಅಯ್ಯೋ, ಇದು ಹೋತದವನ ಜಾಗ! ಹಿಂದಕ್ಕೆ ಹಾಕೇ!" ಎಂದು ಎದ್ದು ನಿಂತ. ಕಯಾಕ್‌ನಲ್ಲಿ ಎದ್ದು ನಿಂತವರಿಗೆ ಆಗುವುದೇ ಆಯಿತು; ಮೆಂಜಾ ಮಾತ್ರ ದೋಣಿಯಂಚು ಹಿಡಿದು ಕೂತೇ ಇದ್ದಳು.

ನಮ್ಮದು ಹಿಮ ಕರಗಿದ ನೀರು. ರಿಶ್‌ನ ಕೂಗಿಗೆ ದನಗಳೆಲ್ಲ ತಲೆಯೆತ್ತಿದವು. ಪೈದರ್ ಓಡಿಬಂದು ಲೈಫ್ ಜಾಕೆಟ್ ಹಿಡಿದು ಎಳೆದ.

"ಬಿಡೋ! ನಾ... ನಾನೇ ಬರ್ತೀನಿ."

"ಬಿಟ್ರೆ ಮಂಜುಗಡ್ಡೆ ಆಗ್ತೀಯ. ಮುಚ್ಕೊಂಡು ಬಾ."

ಒಲೆ ಮುಂದೆ ಕೂರಿಸಿ ತನ್ನ ಪ್ಯಾಂಟು ಕೊಟ್ಟ. ಪೈದರ್ ಭಾರೀ ಆಳು. ರಿಶ್ ಎರಡು ಕೈಯಲ್ಲೂ ಸೊಂಟ ಹಿಡಿದು ಕೂತ. ಎದುರಿಗಿಟ್ಟ ಚೀಸ್ ಮುಟ್ಟುವಂತಿಲ್ಲ. ಪೈದರ್ ಒಂದು ಹಗ್ಗ ತಂದು ಬಿಗಿಯಾಗಿ ಕಟ್ಟಿದ.

"ಆ ಹೋತಂದೇ ಹಗ್ಗ," ಎಂದ.

ರಿಶ್ ಕೊನೆಗೂ ಚೀಸ್‌ಗೆ ಕೈ ಹಾಕಿದ. "ಅವತ್ತು ಹತ್ತಿಸ್ಬೇಕಿತ್ತು ಕಣೋ. ಆದ್ರೆ ಹಿಂದಿನ ಸಲ ಅವನು ಒಬ್ಬ ಹೆಂಗಸಿನ ಹ್ಯಾಟು ತಿಂದಿದ್ದ."

"ಅರ್ಧ ವಾಪಸ್ ಕೊಟ್ನಲ್ಲೋ!"

ಮೊದಲು ನಕ್ಕದ್ದು ಯಾರೋ, ಮೆಂಜಾಗೂ ನೆನಪಿಲ್ಲ.

ಸಂಜೆ ಅವಳೊಬ್ಬಳೇ ವಾಪಸು ಬಂದಳು.

"ರಿಶ್ ಎಲ್ಲಿ?" ಎಂದೆ, ಗಾಬರಿಯಿಂದ.

"ಇಸ್ಪೀಟಿಗೆ ಕೂತಿದ್ದಾರೆ. ಮೋಸದಾಟ ಅಂತ ಆಗ್ಲೇ ಜಗಳ ಶುರುವಾಗಿದೆ," ಎಂದಳು ನೆಮ್ಮದಿಯಿಂದ. ನಾನು ಕೈ ಚಾಚಿದರೂ ಇಳಿಯಲಿಲ್ಲ. "ಇನ್ನೊಂದು ಸುತ್ತು ಹೋಗ್ಬರ್ತೀನಪ್ಪ. ಮುಂದೆ ಯಾರೂ ಇಲ್ದಿದ್ರೆ ಬೆಟ್ಟ ಎಷ್ಟು ಚೆನ್ನಾಗಿ ಕಾಣತ್ತೆ ಗೊತ್ತಾ!"