ಅಳತೆ ತಪ್ಪದ ಮನೆ

ಬಡಗಿಯ ಮನೆಯಲ್ಲಿ ಕುರ್ಚಿ ಸರಿಸುವುದು ಮಹಾಪರಾಧವಾಗಿತ್ತು. ನಾಯಿಯ ಎರಡೂ ಕಣ್ಣು ಹೋದಾಗಿನಿಂದ ಆ ಮನೆಯ ಸಾಮಾನುಗಳಿಗೆ ಕದಲುವ ಹಕ್ಕೇ ಇರಲಿಲ್ಲ. ಮೇಜು, ಮಂಚ, ಸ್ಟೂಲು, ಒಂದೊಂದರ ಕಾಲಿನ ಸುತ್ತಲೂ ಬಡಗಿ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟಿದ್ದರು. ಮಗಳು ಬಂದಾಗ ಕಸ ಗುಡಿಸಿ ಸ್ಟೂಲನ್ನು ಗೇಣಷ್ಟು ಆಚೆ ಇಟ್ಟರೂ ಸಾಕು, "ಅದಕ್ಕೆ ಕಣ್ಣಿಲ್ಲ, ನಿಂಗಿದೆಯಲ್ಲಮ್ಮ" ಎನ್ನುತ್ತಿದ್ದರು.

ಮರದ ಹೊಟ್ಟಿನ ಬಣ್ಣದ ಆ ಮುದಿ ನಾಯಿಗೆ ಹೊಟ್ಟು ಎಂದೇ ಹೆಸರು. ಸಕ್ಕರೆ ಕಾಯಿಲೆ ಅದರ ಕಣ್ಣು ತಿಂದಿತ್ತು. ಬೆಳಗ್ಗೆ ಸಂಜೆ ಸೂಜಿ ಚುಚ್ಚಬೇಕು, ಹೊತ್ತು ಹೊತ್ತಿಗೆ ಊಟ ಹಾಕಬೇಕು, ಬಟ್ಟಲಲ್ಲಿ ನೀರು ಬತ್ತದಂತೆ ನೋಡಿಕೊಳ್ಳಬೇಕು. ಇಷ್ಟೆಲ್ಲ ಉಪಚಾರ ಮಾಡಿಸಿಕೊಂಡು ಅದು ಮಂಚದ ಪಕ್ಕದಿಂದೆದ್ದು ಅಡುಗೆಮನೆಗೆ ಹೋಗುತ್ತಿದ್ದ ಗತ್ತು ನೋಡಿದರೆ, ಕುರುಡು ನಾಯಿ ಎಂದರೆ ಯಾರೂ ನಂಬುತ್ತಿರಲಿಲ್ಲ.

ಕೈಕೊಟ್ಟಿದ್ದು ಬಡಗಿಯ ಎದೆ. ಆಪರೇಷನ್ ಆಗಲೇಬೇಕು, ಆಮೇಲೆ ಒಂಟಿಯಾಗಿ ಇರಕೂಡದು ಎಂದರು ಡಾಕ್ಟರು. ಇನ್ನು ಮಗಳ ಮನೆಯೇ ಗತಿ, ಅದೋ ಮೂರನೇ ಮಹಡಿಯಲ್ಲಿ. ಮೊಮ್ಮಗಳಿಗೆ ನಾಯಿಯ ಕೂದಲು ಸೋಕಿದರೆ ಉಬ್ಬಸ. ಮಗಳ ಮೇಲೆ ಸಿಟ್ಟು ಮಾಡಿಕೊಳ್ಳಲಿಕ್ಕೂ ದಾರಿಯಿರಲಿಲ್ಲ.

ನಾಯಿ ಬೇಕೆಂದು ಬಂದವರೇನೋ ಇದ್ದರು. ಒಬ್ಬ ಅಂಗಡಿಯವನು ಹೊಟ್ಟುವಿನ ಮುಖದ ಮುಂದೆ ಕೈಯಾಡಿಸಿ, "ಇದು ಕಳ್ಳನ್ನ ಹೇಗೆ ಹಿಡಿಯುತ್ತೆ?" ಎಂದು ಕೇಳಿದ. "ಕಳ್ಳ ಬಂದು ಇದಕ್ಕೆ ಎಡವಿ ಬೀಳ್ತಾನೆ, ನೀವು ಹಿಡ್ಕೊಳ್ಳಿ" ಎಂದರು ಬಡಗಿ. ಅವನು ಚಹಾ ಕೂಡ ಕುಡಿಯದೆ ಜಾಗ ಖಾಲಿ ಮಾಡಿದ. ಉಳಿದವರು ಸೂಜಿಯ ಮಾತೆತ್ತಿದ ಕೂಡಲೇ ಎದ್ದು ಹೋದರು. ಕೊನೆಗೆ ದನದ ಡಾಕ್ಟರು, ಯಾರೂ ಸಿಗದಿದ್ದರೆ ನೋವಾಗದಂತೆ ಕೊನೆಯ ಸೂಜಿ ಕೊಟ್ಟು ಮಲಗಿಸಿಬಿಡಬಹುದು ಎಂದು ನೆಲ ನೋಡುತ್ತಾ ಹೇಳಿದರು.

ಆಗ ಸಿಕ್ಕವರು ನರ್ಸಮ್ಮ. ಆಸ್ಪತ್ರೆಯಿಂದ ನಿವೃತ್ತರಾಗಿದ್ದ ಒಂಟಿ ಹೆಂಗಸು. ಹೊಟ್ಟುವಿನ ಕಿವಿಯ ಹಿಂದೆ ಕೆರೆದು, "ಸೂಜಿಗೆ ಹೆದರೋಳಲ್ಲ ನಾನು. ಕಳಿಸಿ ಅಣ್ಣ" ಎಂದರು. ಅಷ್ಟೇ ಮಾತು.

ಬಡಗಿಗೆ ಹೋದ ಜೀವ ಬಂದಂತಾಯಿತು. ಆದರೆ ಅಳತೆಯ ಮನುಷ್ಯ, ಸುಮ್ಮನಿರಬೇಕಲ್ಲ! ಟೇಪು ಹಿಡಿದು ನರ್ಸಮ್ಮನ ಮನೆಗೆ ಹೋದರು. ಮರುದಿನ ತಮ್ಮ ಮಂಚ, ಮೇಜು, ಸ್ಟೂಲು, ನಾಯಿಯ ಚಾಪೆ, ಎಲ್ಲವನ್ನೂ ಗಾಡಿಯಲ್ಲಿ ಹೇರಿಸಿ ತಂದರು. ಒಂದು ಬೆರಳೂ ಆಚೀಚೆಯಾಗದಂತೆ ತಮ್ಮ ಕೋಣೆಯನ್ನೇ ಅಲ್ಲಿ ಜೋಡಿಸಿದರು. ಹೊಟ್ಟುವಿಗೆ ಮನೆ ಬದಲಾದದ್ದೇ ತಿಳಿಯಬಾರದು ಎಂಬುದು ಅವರ ಆಸೆ. ಅಡುಗೆಮನೆ ಮಾತ್ರ ಹಳೆಯ ಮನೆಯಲ್ಲಿ ಬಲಕ್ಕಿತ್ತು, ಇಲ್ಲಿ ಎಡಕ್ಕಿದೆ. ಅಷ್ಟನ್ನು ಮೂಗೇ ಹುಡುಕಿಕೊಳ್ಳುತ್ತದೆ ಎಂದುಕೊಂಡರು.

"ನಾಯಿ ತರ್ತಾರೆ ಅಂದ್ಕೊಂಡ್ರೆ ಮನೇನೇ ಕಿತ್ಕೊಂಡು ಬಂದ್ರಲ್ಲಣ್ಣ" ಎಂದು ನಕ್ಕರು ನರ್ಸಮ್ಮ. ಬೇಡ ಎನ್ನಲು ಅವರಿಗೆ ಮನಸ್ಸು ಬರಲಿಲ್ಲ.

ಹೊಟ್ಟು ಬಂತು. ಮಂಚದ ಕಾಲು ಮೂಸಿತು, ಚಾಪೆ ಮೂಸಿತು, ಬಾಲ ಆಡಿಸಿತು. ಬಡಗಿಯ ಮುಖ ಅರಳಿತು. ದಾರಿ ಸವೆಸಿ ಬಂದ ನಾಯಿಗೆ ಬಾಯಾರಿತ್ತು. ಅದೇ ಹಳೆಯ ಗತ್ತಿನಿಂದ ಮಂಚ ಬಳಸಿ, ಸ್ಟೂಲು ದಾಟಿ, ಬಲಕ್ಕೆ ತಿರುಗಿ ನೇರವಾಗಿ ಗೋಡೆಗೆ ಹೋಗಿ ಬಡಿಯಿತು.

ಹಿಂದೆ ಸರಿಯಿತು. ಮಂಚದವರೆಗೂ ವಾಪಸು ಹೋಗಿ ಮತ್ತೆ ಮೂಸಿ ಖಚಿತಪಡಿಸಿಕೊಂಡಿತು. ಮಂಚ ಅದೇ, ಚಾಪೆ ಅದೇ. ಮತ್ತೆ ಬಂತು, ಮತ್ತೆ ಬಡಿಯಿತು. ಮೂಗಿನ ಮೇಲೆ ರಕ್ತ ಜಿನುಗಿತು. ಆಮೇಲೆ ಗೋಡೆಯ ಮುಂದೆ ಕುಳಿತು, ಬಾಗಿಲು ತೆಗೆಯಿರಿ ಎನ್ನುವಂತೆ ಕಾಲಿನಿಂದ ಪರಪರ ಕೆರೆಯತೊಡಗಿತು.

ಬಡಗಿ ಟೇಪು ತೆಗೆದು ಗೋಡೆಗೆ ಹಿಡಿದರು. "ನರ್ಸಮ್ಮ, ಇಲ್ಲೊಂದು ಬಾಗಿಲು ಒಡೆದು ಕೊಡ್ತೀನಿ. ಚೌಕಟ್ಟು ನಾನೇ ಮಾಡ್ತೀನಿ" ಎಂದರು. ಗೋಡೆಯಾಚೆ ಪಕ್ಕದ ಮನೆಯವರ ಮಲಗುವ ಕೋಣೆಯಿತ್ತು.

ನರ್ಸಮ್ಮ ನಗಲಿಲ್ಲ. "ಅಣ್ಣ, ಇದನ್ನ ನಿಮ್ಮ ಮನೆ ಅಂದ್ಕೊಂಡಿದೆ ಅದು. ಬೇರೆ ಮನೆ ಅಂತ ಗೊತ್ತಾದ್ರೆ ತಾನೇ ದಾರಿ ಹುಡುಕೋದು? ಸಾಮಾನೆಲ್ಲ ತಗೊಂಡು ಹೋಗಿಬಿಡಿ."

"ಚಾಪೆನಾದ್ರೂ ಇರಲಿ."

"ಚಾಪೆನೂ ಬೇಡ. ಬೇಜಾರು ಮಾಡ್ಕೋಬೇಡಿ, ನೀವೂ ಹೊರಡಬೇಕು."

ಆ ಮಾತು ನಾಟಿತು. ತಾವು ಪ್ರೀತಿಯಿಂದ ಕಟ್ಟಿದ್ದೇ ನಾಯಿಯ ಮೂಗು ಒಡೆಯಿತಲ್ಲ ಎಂದು ನಾಚಿಕೆಯಾಯಿತು. ಗಾಡಿಯವನು ಒಂದೊಂದೇ ಸಾಮಾನು ಹೊರಗೊಯ್ದ. ಕೊನೆಗೆ ಚಾಪೆಯನ್ನು ಬಡಗಿಯೇ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಹೊಸ್ತಿಲಾಚೆ ಹೋಗಿ ನಿಂತರು.

ಬರಿದಾದ ಕೋಣೆಯ ನಡುವೆ ಹೊಟ್ಟು ತಲೆಯೆತ್ತಿ ಗಾಳಿ ಮೂಸಿತು. ಮಂಚವಿಲ್ಲ, ಏನೂ ಇಲ್ಲ. ಅದು ಕುಂಯ್ ಎಂದಿತು. ನಾಲಗೆಯಿಂದ ಒಮ್ಮೆ ಟಕ್ ಎನಿಸಿದರೆ ಸಾಕು, ಅದು ಓಡಿ ಬಂದು ತಮ್ಮ ಮೊಣಕಾಲಿಗೆ ತಲೆ ಒತ್ತುತ್ತದೆ ಎಂದು ಬಡಗಿಗೆ ಗೊತ್ತಿತ್ತು. ನಾಲಗೆ ಅಂಗುಳಕ್ಕೆ ತಾಗಿಯೂ ಇತ್ತು. ಹಲ್ಲು ಕಚ್ಚಿ ನಿಂತರು.

ಹೊಟ್ಟು ಒಂದು ಹೆಜ್ಜೆ ಇಟ್ಟಿತು. ಗತ್ತೆಲ್ಲ ಇಳಿದು, ಗೋಡೆಗೆ ಮೀಸೆ ಸವರಿಕೊಂಡು ನಿಧಾನವಾಗಿ ಸಾಗಿತು. ಮೂಲೆ ಸಿಕ್ಕಿತು, ಕಿಟಕಿಯ ಕೆಳಗಿನ ತಂಪು ಸಿಕ್ಕಿತು. ಬಡಗಿ ನಿಂತಿದ್ದ ಬಾಗಿಲ ಬಳಿ ಬಂದಾಗ ಅರೆಗಳಿಗೆ ತಡೆಯಿತು. ಅವರ ಚಪ್ಪಲಿಯ ಕಡೆಗೆ ಮೂಗು ಚಾಚಿತು. ಬಡಗಿ ಉಸಿರು ಬಿಗಿಹಿಡಿದರು. ನಾಯಿ ಮುಂದೆ ಸರಿಯಿತು. ಎಡಗಡೆಯ ಅಡುಗೆಮನೆಯ ಬಾಗಿಲು ಸಿಕ್ಕಿತು. ಸ್ವಲ್ಪ ಹೊತ್ತಿಗೆ ನೀರು ನೆಕ್ಕುವ ಸದ್ದು ಕೇಳಿಸಿತು.

ತಮ್ಮನ್ನು ಬಿಟ್ಟು ನೀರಿನತ್ತ ಹೋಯಿತಲ್ಲ ಎಂದು ಬಡಗಿಗೆ ನೆಮ್ಮದಿಯಾಯಿತು, ಅದಕ್ಕೇ ಹೊಟ್ಟೆಯೂ ಉರಿಯಿತು. ಚಪ್ಪಲಿ ಸದ್ದಾಗದಂತೆ ಕಳಚಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಮೆಟ್ಟಿಲಿಳಿದರು.