ಬಿಳಿ ಬಟ್ಟೆಯ ಪರೀಕ್ಷೆ

ಉಚ್ಚೆ ಕೆಂಪಗೆ ಬಿದ್ದದ್ದು ಕಂಡರೆ ಬೇರೆಯವರು ಕಿರುಚಿಕೊಳ್ಳುತ್ತಿದ್ದರು. ಸಂತಿಯಾಗು ಬಗ್ಗಿ ನೋಡಿದ. ಮೂವತ್ತು ವರ್ಷ ಮಂಡಿ ಮೊಹಲ್ಲಾದಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕಿದವನ ಕಣ್ಣು, ಸುಮ್ಮನಿರುತ್ತದೆಯೇ? ನೋವಿಲ್ಲ, ಉರಿಯಿಲ್ಲ, ಬೀಟ್‌ರೂಟ್ ಪಲ್ಯವನ್ನೂ ತಿಂದಿರಲಿಲ್ಲ. ಕೆಲಸಕ್ಕೆ ಹೋದವನೇ ಉಳಿಕೆ ನೂಲುಗಳಲ್ಲಿ ಹುಡುಕಿ, ಅದೇ ಬಣ್ಣದ ಎಳೆಯೊಂದನ್ನು ರಟ್ಟಿನ ತುಂಡಿಗೆ ಸುತ್ತಿ ತಾರೀಖು ಬರೆದ. ಗಿರಾಕಿಗಳು ಕೇಳಿದ ಬಣ್ಣಕ್ಕೆ ಗುರುತು ಇಡುವುದು ಹೀಗೆಯೇ.

ಮಾರನೆಯ ದಿನ ಗುಲಾಬಿ ಎಳೆ. ಮೂರನೆಯ ದಿನ ಒಣಹುಲ್ಲಿನ ಹಳದಿ. ಆಮೇಲೆ ಎರಡು ವಾರ ಏನೂ ಇಲ್ಲ.

ಸದ್ಯ, ನಿಂತೋಯ್ತು ಅಂದುಕೊಂಡ. ಬಣ್ಣ ಹಾಕಿದ ನೂಲನ್ನು ಜಾಲಿಸಿದಾಗ ನೀರು ತಿಳಿಯಾಗಿ ಹೋದರೆ ಕೆಲಸ ಮುಗಿದ ಹಾಗೆ. ಮೈಯೂ ಹಾಗೇ ಅಂತ ಯಾರು ಹೇಳಿದರೋ ಈ ಮಹಾನುಭಾವನಿಗೆ!

ಅಂಗಿ ಒಗೆಯಲು ತೆಗೆದ ಹೆಂಡತಿ ಪುಷ್ಪಮೇರಿಗೆ ಜೇಬಿನಲ್ಲಿ ರಟ್ಟು ಸಿಕ್ಕಿತು.

"ಏನ್ರೀ ಇದು? ಯಾರ ಸೀರೆದು?"

"ಸೀರೆದಲ್ಲ ಕಣೆ..." ಎಂದು ಶುರುಮಾಡಿದವನು ಎಲ್ಲ ಒದರಿಬಿಟ್ಟ. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ.

"ಅಯ್ಯೋ ಯೇಸಪ್ಪಾ! ರಕ್ತ ಹೋಯ್ತದೆ ಅಂದ್ರೆ ನೂಲು ಸುತ್ತಿಟ್ಕೊಂಡವ್ರಲ್ಲಪ್ಪ ಇವ್ರು!"

"ಈಗ ಇಲ್ವಲ್ಲೇ. ನೀರು ತಿಳಿಯಾಗೇ ಅದೆ."

"ಹೊಸ ಕೆಲಸದೋರಿಗೆ ಏನಂತ ಬೈತೀರ ನೀವು? ತಿಳಿನೀರು ನಂಬಬೇಡ್ರೋ, ಬಣ್ಣ ಅಂಟ್ತದಾ ಅಂತ ಬಿಳಿ ಬಟ್ಟೇಲಿ ಒತ್ತಿ ನೋಡ್ರೋ ಅಂತ ತಾನೆ? ನಿಮ್ಮನ್ನ ಒತ್ತಿ ನೋಡಿದೋರು ಯಾರ್ರೀ?"

ಅವನು ಬೇರೆ ಅಂಗಿ ತೊಟ್ಟು, ರಟ್ಟನ್ನು ಜೇಬಿಗಿಟ್ಟು ಅವಳ ಜೊತೆ ಆಸ್ಪತ್ರೆಗೆ ಹೊರಟ.

"ಎಷ್ಟು ಕೆಂಪಿತ್ತು?" ಎಂದು ಡಾಕ್ಟರ್ ಸುಚಿತ್ರಾ ಕೇಳಿದಾಗ ಸಂತಿಯಾಗು ರಟ್ಟನ್ನು ಮೇಜಿನ ಮೇಲಿಟ್ಟ. ಆಕೆ ನಕ್ಕರು. ಅವನ ಕೆಲಸ ಏನೆಂದು ತಿಳಿದ ಮೇಲೆ ನಗಲಿಲ್ಲ.

"ನೋವಿಲ್ದೆ ಬಂದು ತಾನಾಗೇ ನಿಂತ ರಕ್ತನ ನಾವು ಬಿಡೋ ಹಾಗಿಲ್ಲ. ಕಲ್ಲಿರಬಹುದು, ಇನ್‌ಫೆಕ್ಷನ್ ಇರಬಹುದು. ಕ್ಯಾನ್ಸರ್ ಅಲ್ಲ ಅನ್ನೋಕೆ ಮಾತ್ರ ಒಳಗೆ ನೋಡ್ಲೇಬೇಕು."

ರಟ್ಟನ್ನು ಆಕೆ ಫೈಲಿಗೇ ಪಿನ್ ಹೊಡೆದರು.

ಉಚ್ಚೆ ಪರೀಕ್ಷೆ, ಸ್ಕ್ಯಾನ್ ಎಲ್ಲ ಆಗಿ, ಕ್ಯಾಮೆರಾ ಇರುವ ಸಣ್ಣ ನಳಿಕೆ ಬಿಟ್ಟು ಮೂತ್ರಕೋಶ ನೋಡುವ ದಿನ ಬಂತು. ಮೇಜಿನ ಮೇಲೆ ಮಲಗಿದವನಿಗೆ ಸಾಯುತ್ತೇನೇನೋ ಅಂತ ಆಗ ಮೊದಲ ಸಲ ಅನ್ನಿಸಿತು. ಆದರೆ ಟೀವಿಯಲ್ಲಿ ಚಿತ್ರ ಮೂಡಿದ್ದೇ ತಡ, ಕತ್ತು ನೀಡಿದ. ನಸುಗುಲಾಬಿ ಗೋಡೆ, ಮೇಲೆಲ್ಲ ಸಣ್ಣ ಕೆಂಪು ಎಳೆಗಳು.

"ನನ್ನೊಳಗೇನಾ ಇದು? ಎಷ್ಟು ಚೆನ್ನಾಗದೆ!"

"ಅಲ್ಲಾಡ್ಬೇಡಿ."

ಒಂದು ಮೂಲೆಯಲ್ಲಿ ಸೆರಗಿನ ಕುಚ್ಚಿನ ತುದಿಯಂಥದೊಂದು ನೀರಿನಲ್ಲಿ ತೂಗಾಡುತ್ತಿತ್ತು. ಅವನಿಗೆ ಗುರುತು ಸಿಕ್ಕಿತು. ಮೊದಲ ದಿನದ ಎಳೆಯ ಬಣ್ಣ.

"ಅದು ಅಲ್ಲಿಗೆ ಸೇರಿದ ಬಣ್ಣ ಅಲ್ಲಮ್ಮ."

"ಹೌದು, ಅಲ್ಲ" ಎಂದರು ಡಾಕ್ಟರ್ ಮೆಲ್ಲಗೆ. "ಗಡ್ಡೆ. ಚಿಕ್ಕದು. ತೆಗೆದು ಲ್ಯಾಬಿಗೆ ಕಳಿಸೋಣ, ಎಂಥದ್ದು ಅಂತ ಆಮೇಲೆ ಗೊತ್ತಾಗುತ್ತೆ. ಇನ್ನೂ ತಡ ಮಾಡಿದ್ರೆ ಕಷ್ಟ ಆಗ್ತಿತ್ತು."

ಹೊರಗೆ ಜಪಮಾಲೆ ಹಿಡಿದು ಕೂತಿದ್ದ ಪುಷ್ಪಮೇರಿ ಎದ್ದು ನಿಂತಳು.

"ಏನಂದ್ರು?"

"ನಿನ್ನ ಬಿಳಿ ಬಟ್ಟೆಗೆ ಅಂಟ್ತು ಕಣೆ, ಮೇರಿ."

ಅವಳು ಅವನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಉಗುರುಗಳ ಸಂದಿಯಲ್ಲಿ ಮೂವತ್ತು ವರ್ಷದ ನೇರಳೆ ಕೂತಿತ್ತು. ಸೆರಗಿನ ತುದಿಯಿಂದ ಒಂದೊಂದೇ ಬೆರಳನ್ನು ಒತ್ತಿ ಒತ್ತಿ ಒರೆಸತೊಡಗಿದಳು. ಸೆರಗಿಗೆ ಏನೂ ಹತ್ತಲಿಲ್ಲ. ಅವಳು ಒರೆಸುವುದನ್ನು ಬಿಡಲಿಲ್ಲ.