ಅವಳ ಎತ್ತರಕ್ಕೊಂದು ಕಮಾನು

ಕಾರಿನ ಹೊದಿಕೆಯ ಒಂದು ತುದಿಯನ್ನು ಸತ್ತವನ ಹೆಂಡತಿ ಎಳೆಯುತ್ತಿದ್ದಳು. ಇನ್ನೊಂದು ತುದಿ ಮೈದುನನ ಕೈಯಲ್ಲಿತ್ತು. ಎಳೆಯಬೇಕೋ ಬಿಡಬೇಕೋ ಅವನಿಗೆ ತಿಳಿಯಲಿಲ್ಲ.

“ಅತ್ತಿಗೆ, ವ್ಯಾನಲ್ಲಿ ಜಾಗ ಇದೆ. ಅಣ್ಣನ ಪಕ್ಕದಲ್ಲೇ ಕೂತ್ಕೊಂಡು ಬನ್ನಿ.”

“ನಿಮ್ಮಣ್ಣನ ಪಕ್ಕ ನಾನು ಕೂತಿದ್ದು ಇದರಲ್ಲಿ. ಹೂಂ, ಎಳಿ.”

ಹೊದಿಕೆ ಜಾರಿತು. ಶೆಡ್ಡಿನ ಮಬ್ಬಿನಲ್ಲಿ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಕಾಣಿಸಿತು. ಅದಕ್ಕೆ ಸೂರಿಲ್ಲ. ಸೀಟುಗಳ ಹಿಂದೆ ಕಪ್ಪು ಪೈಪಿನದೊಂದು ದಪ್ಪ ಕಮಾನು ಮಾತ್ರ ಎದ್ದು ನಿಂತಿತ್ತು.

ಬಾಗಿಲಲ್ಲಿ ಮಗಳು ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು.

“ಅಮ್ಮಾ, ಸಾವಿನ ಮನೇಲಿ ಕೆಂಪು ಕಾರಾ? ಜನ ಆಡ್ಕೊಳ್ತಾರೆ.”

“ಆಡ್ಕೊಳ್ಳಲಿ. ಮದುವೇಲೂ ಆಡ್ಕೊಂಡಿದ್ರು.”

ಅಂಗಳದಲ್ಲಿ ಕಾರ್ಖಾನೆಯ ಹಳೆಯ ಗೆಳೆಯರು ಕೂತಿದ್ದರು. ಆಸ್ಪತ್ರೆಯ ಮಂಚಗಳಿಗೆ ಪೈಪು ಬಗ್ಗಿಸುತ್ತಲೇ ಸತ್ತವನು ಎಲ್ಲರ ಬಾಯಲ್ಲಿ ‘ಬಗ್ಗಿಸಣ್ಣ’ ಆಗಿದ್ದ.

“ಕಬ್ಬಿಣಾನ ಬಗ್ಗಿಸ್ದ, ತಾನು ಮಾತ್ರ ಯಾರಿಗೂ ಬಗ್ಗಲಿಲ್ಲ,” ಎಂದ ಮುದಿ ವೆಲ್ಡರ್.

“ಹೆಂಡ್ತಿಗೆ?” ಎಂದ ಪೇಂಟರ್.

“ಅವಳಿಗೆ ಬಗ್ಗೋದೆಲ್ಲಿ ಬಂತು, ಕತ್ತೆತ್ತಿ ನೋಡ್ಬೇಕಿತ್ತಲ್ಲ!”

ನಕ್ಕುಬಿಟ್ಟರು. ಮರುಕ್ಷಣ ಸಾವಿನ ಮನೆಯೆಂಬುದು ನೆನಪಾಗಿ ತಲೆ ತಗ್ಗಿಸಿದರು. ಶೆಡ್ಡಿನಲ್ಲಿದ್ದ ಹೆಂಡತಿಗೆ ಎಲ್ಲವೂ ಕೇಳಿಸಿತ್ತು. ಬೇಜಾರಾಗಲಿಲ್ಲ.

*

ಅವಳು ಗಂಡನಿಗಿಂತ ಎತ್ತರ. ಮದುವೆಯ ಫೋಟೋ ತೆಗೆಯುವವನು ಉಪಾಯ ಕಾಣದೆ ಅವಳನ್ನು ಕುರ್ಚಿಯಲ್ಲಿ ಕೂರಿಸಿದ್ದ. ಏಣಿಯನ್ನೇ ಮದುವೆಯಾದ ಎಂದು ನೆಂಟರು ಹೇಳಿಕೊಂಡು ನಕ್ಕಿದ್ದರು.

ಗುಜರಿಯಿಂದ ಕಾರನ್ನು ಎಳೆದು ತಂದ ದಿನ ಅವಳು ಅದರ ಬಟ್ಟೆಯ ಸೂರನ್ನು ಬೆರಳಲ್ಲಿ ತಿವಿದು ನೋಡಿದಳು.

“ಮಗುಚಿದ್ರೆ ಇದು ತಡೆಯುತ್ತಾ? ನಾನಂತೂ ಹತ್ತಲ್ಲ.”

“ಹತ್ತೋ ಹಾಗೆ ಮಾಡ್ತೀನಿ.”

ಮೊದಲು ತಂತಿಯಲ್ಲಿ ಮಾದರಿ ಮಾಡಿದ. ಆಮೇಲೆ ಪೈಪಿನೊಳಗೆ ಒಣ ಮರಳು ಗಿಡಿದು, ಕಾಯಿಸಿ, ಒಂದು ಸುಕ್ಕೂ ಬೀಳದಂತೆ ಬಗ್ಗಿಸಿದ. ಕಮಾನಿನ ಕಾಲಿಗೊಂದು ದಪ್ಪ ಪ್ಲೇಟು, ಕಾರಿನ ತಳದ ಕೆಳಗೆ ಅಂಥದ್ದೇ ಇನ್ನೊಂದು. ನಡುವೆ ತಗಡನ್ನು ಕಚ್ಚಿಸಿ ಬೋಲ್ಟು ಬಿಗಿದ. “ತಗಡೊಂದನ್ನೇ ನಂಬಿದ್ರೆ ಕಾಲು ತೂತು ಮಾಡ್ಕೊಂಡು ಹೋಗುತ್ತೆ ಕಣೇ,” ಎಂದು ಕಾರಿನಡಿ ಮಲಗಿಕೊಂಡೇ ವಿವರಿಸಿದ. ಹಿಂದಕ್ಕೆ ಎರಡು ಆಸರೆ ಕೊಟ್ಟ. ಬಟ್ಟೆಯ ಸೂರು ಕಮಾನಿನ ಮೇಲೆ ಸಲೀಸಾಗಿ ಮುಚ್ಚುತ್ತಿತ್ತು. ಅದನ್ನು ಹತ್ತು ಸಲ ಮುಚ್ಚಿ ತೆಗೆದು ಹಿಗ್ಗಿದ.

ಕೊನೆಗೆ ಅವಳನ್ನು ಕೂರಿಸಿ, ಮುಂದಿನ ಗಾಜಿನ ಚೌಕಟ್ಟಿನಿಂದ ಕಮಾನಿಗೆ ಒಂದು ಕೋಲು ಇಟ್ಟು ನೋಡಿದ; ಮಗುಚಿದರೆ ನೆಲ ತಾಗುವುದು ಆ ಗೆರೆಗೇ. ಅವನ ಕಡೆ ಕೋಲು ತಲೆಯ ಮೇಲೆ ಹಾಯಿತು. ಅವಳ ಕಡೆ ಹಣೆಗೆ ಬಡಿಯಿತು. ಪುಣ್ಯಾತ್ಮ ತನ್ನ ತಲೆಯ ಅಳತೆಗೇ ಕಮಾನು ಮಾಡಿದ್ದ!

“ಹೋಗ್ಲಿ ಬಿಡಿ, ಸ್ವಲ್ಪ ಬಗ್ಗಿ ಕೂತ್ಕೊಳ್ತೀನಿ.”

“ನೀನ್ಯಾಕೆ ಬಗ್ತೀಯ? ಬಗ್ಗೋದು ಪೈಪಿನ ಕೆಲಸ.”

ಕಮಾನನ್ನು ಕಳಚಿ ಮೂಲೆಗೆ ಒರಗಿಸಿದ. ಅವಳ ಎತ್ತರಕ್ಕೆ ಇನ್ನೊಂದು ಮಾಡಿದಾಗ ಸೂರು ಮುಚ್ಚಲೇ ಇಲ್ಲ. ಗೆಳೆಯರು ತಲೆ ಚಚ್ಚಿಕೊಂಡರು. ಅವನು ಒಂದು ಬೆಳಿಗ್ಗೆ ಸೂರನ್ನೇ ಬಿಚ್ಚಿ ಹಾಕಿದ.

“ಮಳೆ ಬಂದ್ರೆ?” ಎಂದಳು.

“ನೆನೆಯೋಣ. ನೆಂದವರು ಒಣಗ್ತಾರೆ.”

*

ವ್ಯಾನಿನ ಬಾಗಿಲು ಮುಚ್ಚಿದ ಸದ್ದಾಯಿತು. ಕೀಲಿ ಹಿಡಿದ ಮೈದುನ ಪೇಚಾಡಿದ.

“ಈ ಗಾಡಿ ಗೇರು ನನಗೆ ಬರಲ್ಲ ಅತ್ತಿಗೆ. ನಿಮಗೆ ಕಣ್ಣು ಸರಿಯಾಗಿ ಕಾಣಲ್ಲ.”

ಅವಳು ಮಗಳ ಕಡೆ ನೋಡಿದಳು.

“ನಾನಾ?” ಮಗಳು ಗೋಡೆಗೆ ಸರಿದಳು. “ಅಮ್ಮಾ, ನಿಂಗೆ ಗೊತ್ತಲ್ಲ.”

*

ಮಗಳು ಎತ್ತರದಲ್ಲಿ ತಾಯಿಯ ಪಡಿಯಚ್ಚು. ಕಾರು ಕಲಿತ ಹೊಸತರಲ್ಲಿ ಇದೇ ಕಾರಿನಲ್ಲಿ ಒಬ್ಬಳೇ ಹೊರಟು, ಸೇತುವೆಯ ತಿರುವಿನಲ್ಲಿ ಅಡಿಮೇಲು ಮಾಡಿಕೊಂಡಿದ್ದಳು. ಗಂಡಹೆಂಡಿರು ಓಡಿ ಹೋದಾಗ ಹುಡುಗಿ ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತ ಅಳುತ್ತಿದ್ದಳು. ಅವನು ಮಣ್ಣಿನಲ್ಲಿ ಬೋರಲು ಮಲಗಿ, ಅವಳ ನೆತ್ತಿಗೂ ನೆಲಕ್ಕೂ ನಡುವೆ ಕೈ ತೂರಿಸಿದ. ಅಂಗೈ ಹಿಡಿಸಿತು. ಅಷ್ಟೇ ಹಿಡಿಸಿತು.

ಹೊರಗೆಳೆದ ಮೇಲೆ ಅವನು ಮಗಳನ್ನು ಬೈಯಲಿಲ್ಲ. ಹೆಂಡತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ, ಹೊಸದಾಗಿ ಕಂಡವನಂತೆ. ಆಮೇಲೆ ಕಮಾನನ್ನು ಅಂಗೈಯಿಂದ ಒಮ್ಮೆ ತಟ್ಟಿದ.

ಕಾರನ್ನು ಮತ್ತೆ ನೆಟ್ಟಗೆ ಮಾಡಿದ. ಮಗಳು ಮಾತ್ರ ಮತ್ತೆ ಹತ್ತಲಿಲ್ಲ. ಭಾನುವಾರ ಬಂತೆಂದರೆ ಎಂಜಿನ್ ಶುರು ಮಾಡಿ, “ಬರ್ತೀಯೇನಮ್ಮ?” ಎಂದು ಕೂಗುತ್ತಿದ್ದ. “ಇನ್ನೊಂದ್ಸಲ ಅಪ್ಪಾ,” ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ಅವಳಿಗೆ ಮದುವೆಯಾಗಿ, ತವರಿಗೆ ಬಂದುಹೋಗುವ ನೆಂಟಳಾದ ಮೇಲೂ ಅವನು ಕೇಳುವುದನ್ನು ಬಿಡಲಿಲ್ಲ.

*

“ಹೋದ ವಾರಾನೂ ಕೇಳಿದ್ರು,” ಎಂದಳು ಮಗಳು. “ಫೋನಲ್ಲಿ. ನಾನು ಅದೇ ಹಳೇ ಉತ್ತರ ಕೊಟ್ಟೆ.”

ತಾಯಿ ತನ್ನ ಸೀಟಿನಲ್ಲಿ ಹೋಗಿ ಕೂತಳು. ಮಗಳು ಚಿಕ್ಕಪ್ಪನ ಕೈಯಿಂದ ಕೀಲಿ ತೆಗೆದುಕೊಂಡಳು. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಳು. ಎಂಜಿನ್ ಒಮ್ಮೆ ಕೆಮ್ಮಿ ಎದ್ದಿತು.

ವ್ಯಾನಿನ ಹಿಂದೆ, ನಡೆದಷ್ಟೇ ನಿಧಾನವಾಗಿ ಹೋದರು. ಮಣ್ಣು ಹಾಕುವಾಗ ತಾಯಿಮಗಳು ಕೈ ಕೈ ಹಿಡಿದುಕೊಂಡಿದ್ದರು.

ವಾಪಸು ಬರುವಾಗ ಬಿಸಿಲು ಇಳಿದಿತ್ತು. ಮಗಳು ಈಗ ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿದಿದ್ದಳು. ಸೇತುವೆಯ ತಿರುವು ಬಂತು, ಹೋಯಿತು. ಮುಂಚೆಯೇ ಮನೆ ಸೇರಿದ್ದ ಮೈದುನ ಗೇಟಿನ ಎರಡೂ ಬಾಗಿಲು ತೆರೆದು ಹಿಡಿದು ನಿಂತಿದ್ದ. ಮಗಳು ತಾಯಿಯ ಕಡೆ ನೋಡಿದಳು. ತಾಯಿ ನೇರ ಮುಂದೆ ನೋಡುತ್ತ ಸೆರಗನ್ನು ಸೊಂಟಕ್ಕೆ ಬಿಗಿದಳು.

ಕಾರು ಗೇಟಿನೊಳಗೆ ತಿರುಗದೆ ದೊಡ್ಡ ರಸ್ತೆಯತ್ತ ಹೊರಟಿತು. ಕನ್ನಡಿಯಲ್ಲಿ ಮೈದುನ ಚಿಕ್ಕವನಾಗುತ್ತ ಹೋದ, ಎರಡೂ ಕೈಯಲ್ಲಿ ಗೇಟು ಹಿಡಿದುಕೊಂಡೇ.